ಹೊಳೆಯೊಳಗಿನ ಜನರೇಟರ್: ಬರೆದಷ್ಟು ಕರೆಂಟು ಕೊಡುತ್ತಾ?

‘ಹೊಳ್ಯಾಗ ಒಂದು ಫ್ಯಾನಿನಂಥದ್ದು ಇಳಿಬಿಟ್ರ ಮನೀಗೆ ಕರೆಂಟ್ ಬರ್ತೈತಂತ, ಹೌದೇನ್ರಿ?’

ಈ ಪ್ರಶ್ನೆಯನ್ನು ಈಚೆಗೆ ಎಷ್ಟು ಜನರಿಂದ ಕೇಳಿದ್ದೇನೋ ಲೆಕ್ಕವಿಲ್ಲ. ಮೊಬೈಲಿನಲ್ಲಿ ಒಂದು ವಿಡಿಯೊ ಬರುತ್ತದೆ. ಸಣ್ಣ ತೊರೆ, ಅದರೊಳಗೆ ಗುಂಡನೆಯ ಯಂತ್ರ, ಪಕ್ಕದಲ್ಲಿ ಜಗಮಗ ಉರಿಯುವ ಹತ್ತು ಬಲ್ಬು. ಕೆಳಗೆ ‘5 ಕಿಲೋವ್ಯಾಟ್, 90 ಪರ್ಸೆಂಟ್ ದಕ್ಷತೆ, ಡೀಸೆಲ್ ಬೇಡ, ಬಿಲ್ ಬೇಡ’ ಎಂಬ ಬರಹ. ಕಂಪ್ಲಿ ಕಡೆ ಹೊಳೆ ದಂಡೆಯಲ್ಲಿ ಬಾಳೆ, ಭತ್ತ ಬೆಳೆಯುವವರಿಗೆ, ಹೊಸಪೇಟೆಯ ಕಾಲುವೆ ಪಕ್ಕದಲ್ಲಿ ತೋಟ ಇರುವವರಿಗೆ ಇದನ್ನು ನೋಡಿ ಆಸೆಯಾಗದಿದ್ದರೇ ಆಶ್ಚರ್ಯ. ನೀರು ಕಣ್ಣ ಮುಂದೆ ಹಗಲೂ ರಾತ್ರಿ ಹರಿದು ಹೋಗುತ್ತಿರುತ್ತದಲ್ಲ!

ನಮ್ಮ ಚೋರನೂರಿನವರಿಗೆ ಈ ಆಸೆ ಇನ್ನೊಂದು ಥರ. ಸಂಡೂರು ತಾಲ್ಲೂಕಿನ ಈ ಹೋಬಳಿಯಲ್ಲಿ ದೊಡ್ಡ ಹೊಳೆ ಇಲ್ಲ. ಜೋಳ, ಮೆಕ್ಕೆಜೋಳ, ಶೇಂಗಾ, ಮಳೆ ಬಂದರೆ ಬೆಳೆ. ಇಲ್ಲವೆಂದರೆ ಬೋರ್‌ವೆಲ್ಲು. ತುಂಗಭದ್ರೆ ನೋಡಬೇಕೆಂದರೆ ಸಂಡೂರು ದಾಟಿ ಹೊಸಪೇಟೆಗೇ ಹೋಗಬೇಕು. ಆದರೆ ನೀರಿನೊಳಗೆ ಮುಳುಗಿ ಕೆಲಸ ಮಾಡುವ ವಿದ್ಯುತ್ ಯಂತ್ರದ ಕಷ್ಟಸುಖ ನಮ್ಮ ಊರಿನವರಿಗೆ ಗೊತ್ತಿರುವಷ್ಟು ಹೊಳೆ ದಂಡೆಯವರಿಗೆ ಗೊತ್ತಿಲ್ಲ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಯಾಕೆಂದರೆ ನಮ್ಮ ಪ್ರತಿ ಬೋರಿನೊಳಗೂ ಒಂದು ಸಬ್‌ಮರ್ಸಿಬಲ್ ಮೋಟಾರು ಕೂತಿದೆ. ನದಿಯೊಳಗಿನ ಟರ್ಬೈನ್ ಜನರೇಟರ್ ಎಂದರೆ ಬೇರೇನಲ್ಲ, ಅದೇ ಸಬ್‌ಮರ್ಸಿಬಲ್ಲಿನ ಉಲ್ಟಾ. ಅಲ್ಲಿ ಕರೆಂಟು ಕೊಟ್ಟರೆ ನೀರು ತಿರುಗಿ ಮೇಲೆ ಬರುತ್ತದೆ. ಇಲ್ಲಿ ನೀರು ತಿರುಗಿಸಿದರೆ ಕರೆಂಟು ಮೇಲೆ ಬರುತ್ತದೆ. ಸೀಲು ಹೋದರೆ, ಬೇರಿಂಗು ಸವೆದರೆ, ವೈಂಡಿಂಗಿಗೆ ನೀರು ಇಳಿದರೆ ಏನಾಗುತ್ತದೆ ಎಂದು ವೈಂಡಿಂಗ್ ಅಂಗಡಿ ಮುಂದೆ ಬೇಸಿಗೆಯಲ್ಲಿ ಕಾದು ಕೂತವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈ ಲೇಖನ ಆ ‘90 ಪರ್ಸೆಂಟ್’ ಎಂಬ ಮಾತಿನ ಬಗ್ಗೆ. ಅದನ್ನು ಅಳೆಯುವುದು ಹೇಗೆ, ಅಳೆದರೆ ಏನು ಸಿಗುತ್ತದೆ ಎಂಬುದರ ಬಗ್ಗೆ.

ಎರಡು ಥರದ ನೀರು

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ‘ನಮ್ಮ ಡ್ಯಾಮಿನಾಗ ಕರೆಂಟ್ ತೆಗೀತಾರಲ್ರಿ, ಹಂಗೇ ಇದು’ ಅಂತ ಅನೇಕರು ತಿಳಿದಿದ್ದಾರೆ. ಹಾಗಲ್ಲ. ತುಂಗಭದ್ರಾ ಅಣೆಕಟ್ಟೆಯ ಬಲದಂಡೆಯಲ್ಲಿ ಮಂಡಳಿಯ ಎರಡು ವಿದ್ಯುದಾಗಾರಗಳಿವೆ. ಅಣೆಕಟ್ಟೆಯ ಬುಡದ್ದೊಂದು, ಹಂಪಿಯದೊಂದು. ಎರಡೂ ಸೇರಿ 72 ಮೆಗಾವ್ಯಾಟ್. ಎಡದಂಡೆಯ ಮುನಿರಾಬಾದಿನಲ್ಲಿ ಇನ್ನೊಂದಿದೆ. ಇವೆಲ್ಲ ನಡೆಯುವುದು ನೀರಿನ ಎತ್ತರದಿಂದ. ಮೇಲಿನಿಂದ ಕೊಳವೆಯಲ್ಲಿ ಇಳಿಯುವ ನೀರಿನ ಒತ್ತಡ ಟರ್ಬೈನನ್ನು ತಿರುಗಿಸುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕರೆಂಟು ಕಳಿಸಿದ್ದೂ ಕಾವೇರಿ ಅಲ್ಲಿ ಬೀಳುವ ಎತ್ತರದ ಬಲದಿಂದಲೇ. ಮಲೆನಾಡಿನಲ್ಲಿ, ಕೊಡಗಿನಲ್ಲಿ ತೋಟದ ಮನೆಗಳವರು ಗುಡ್ಡದ ಝರಿಗೆ ಪೈಪು ಹಾಕಿ ಒಂದು ಕಿಲೋವ್ಯಾಟಿನ ಆಸುಪಾಸಿನ ಸಣ್ಣ ಯಂತ್ರ ಇಟ್ಟುಕೊಂಡಿದ್ದಾರಲ್ಲ, ಅದೂ ಇದೇ ಜಾತಿ. ಸೆಕೆಂಡಿಗೆ 5 ಲೀಟರ್ ನೀರು 20 ಮೀಟರ್ ಎತ್ತರದಿಂದ ಇಳಿದರೆ ಅದರಲ್ಲಿ ಸುಮಾರು 980 ವ್ಯಾಟ್ ಶಕ್ತಿ ಇರುತ್ತದೆ. ಅರ್ಧ ಕಳೆದುಹೋದರೂ ಒಂದು ಮನೆಗೆ ಸಾಕು.

ಹೊಳೆಯೊಳಗೆ ಇಳಿಬಿಡುವ ಟರ್ಬೈನಿಗೆ ಎತ್ತರ ಇಲ್ಲ, ಬರೀ ಹರಿವು ಇದೆ. ಗಾಳಿಯಂತ್ರ ಗಾಳಿಯಲ್ಲಿ ತಿರುಗಿದ ಹಾಗೆ ಇದು ನೀರಿನಲ್ಲಿ ತಿರುಗುತ್ತದೆ. ಇಲ್ಲಿ ಎಲ್ಲವೂ ನೀರಿನ ವೇಗದ ಮೇಲೆ ನಿಂತಿದೆ, ಅದೂ ವೇಗದ ಘನದ ಮೇಲೆ. ಅಂದರೆ ವೇಗ ಇಮ್ಮಡಿಯಾದರೆ ಶಕ್ತಿ ಎಂಟು ಪಟ್ಟು. ವೇಗ ಅರ್ಧಕ್ಕೆ ಇಳಿದರೆ ಶಕ್ತಿ ಎಂಟನೇ ಒಂದು ಪಾಲು. ಸೆಕೆಂಡಿಗೆ 1 ಮೀಟರ್ ಓಡುವ ನೀರಿನಲ್ಲಿ ಒಂದು ಚದರ ಮೀಟರ್ ಅಡ್ಡಗಲಕ್ಕೆ 500 ವ್ಯಾಟ್ ಇರುತ್ತದೆ. 2 ಮೀಟರ್ ಓಡಿದರೆ 4,000 ವ್ಯಾಟ್. ಅದರಲ್ಲೂ ಪೂರ್ತಿ ಹಿಡಿಯಲು ಬರುವುದಿಲ್ಲ. ಆಲ್ಬರ್ಟ್ ಬೆಟ್ಜ್ ಎಂಬ ಜರ್ಮನ್ ವಿಜ್ಞಾನಿ 1920ರಲ್ಲಿ ತೋರಿಸಿದ ಲೆಕ್ಕದ ಪ್ರಕಾರ, ಬಯಲಿನಲ್ಲಿ ನಿಂತ ಎಂಥಾ ಟರ್ಬೈನೂ ಹರಿವಿನ ಶಕ್ತಿಯಲ್ಲಿ 59.3 ಪರ್ಸೆಂಟಿಗಿಂತ ಹೆಚ್ಚು ತೆಗೆಯಲಾರದು. ಎಲ್ಲ ಶಕ್ತಿ ಹೀರಿಕೊಂಡರೆ ನೀರು ಅಲ್ಲೇ ನಿಂತುಬಿಡುತ್ತದೆ, ಹಿಂದಿನ ನೀರಿಗೆ ದಾರಿ ಇರುವುದಿಲ್ಲ ನೋಡಿ. ಸಣ್ಣ ಯಂತ್ರಗಳು ನಿಜದಲ್ಲಿ 25ರಿಂದ 40 ಪರ್ಸೆಂಟ್ ತೆಗೆದರೆ ಒಳ್ಳೆಯದೇ.

ಈಗ ಆ ‘5 ಕಿಲೋವ್ಯಾಟ್’ ನೋಡಿ. ಇಂಥ ಯಂತ್ರಗಳ ಮೇಲೆ ಬರೆದ ಅಂಕಿ ಸಾಮಾನ್ಯವಾಗಿ ಸೆಕೆಂಡಿಗೆ 2.8 ಅಥವಾ 3 ಮೀಟರ್ ವೇಗದ್ದು. ಅದು ಹರಿಗೋಲಿನವರು ದೋಣಿ ಹಾಕಲು ಒಪ್ಪದ ವೇಗ. ನಿಮ್ಮ ಕಾಲುವೆಯಲ್ಲಿ ನೀರು 1.2 ಮೀಟರ್ ವೇಗದಲ್ಲಿ ಹೋಗುತ್ತಿದ್ದರೆ 2.8ರ ಯಂತ್ರದ 5 ಕಿಲೋವ್ಯಾಟು 400 ವ್ಯಾಟಿಗಿಂತ ಕೆಳಗೆ ಬರುತ್ತದೆ. ಮಾರುವವರು ಸುಳ್ಳು ಬರೆದಿಲ್ಲ. ಯಾವ ವೇಗಕ್ಕೆ ಎಂಬುದನ್ನು ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ, ಅಷ್ಟೇ.

ವೇಗ ಅಳೆಯುವುದು ದೊಡ್ಡ ವಿದ್ಯೆಯಲ್ಲ. ನೇರವಾಗಿ ಹರಿಯುವ ಕಡೆ ದಂಡೆಯಲ್ಲಿ 20 ಮೀಟರ್ ಅಳೆದು ಎರಡು ಗೂಟ ಹೊಡೆಯಿರಿ. ಮೇಲಿನ ಗೂಟಕ್ಕಿಂತ ಸ್ವಲ್ಪ ಹಿಂದಿನಿಂದ ಒಂದು ತೆಂಗಿನಕಾಯಿ ಬಿಡಿ. ಗೂಟದಿಂದ ಗೂಟಕ್ಕೆ ಎಷ್ಟು ಸೆಕೆಂಡ್ ಎಂದು ಮೊಬೈಲಿನಲ್ಲಿ ನೋಡಿ. ಐದಾರು ಸಲ ಮಾಡಿ ಸರಾಸರಿ ತೆಗೆಯಿರಿ. 20 ಸೆಕೆಂಡ್ ಹಿಡಿದರೆ ಮೇಲ್ಮೈ ವೇಗ 1 ಮೀಟರ್. ಆಳದಲ್ಲಿ, ತಳದ ಹತ್ತಿರ ನೀರು ನಿಧಾನ. ಹಾಗಾಗಿ ಒಟ್ಟು ಸರಾಸರಿಗೆ ಇದನ್ನು 0.85ರಿಂದ ಗುಣಿಸುವುದು ವಾಡಿಕೆ. ಮಕ್ಕಳನ್ನು ಕರೆದುಕೊಂಡು ಹೋದರೆ ಅವರಿಗೂ ಒಂದು ಪಾಠ. ಆದರೆ ಕಾಲುವೆ ಅಂಚಿಗೆ ಬಿಡಬೇಡಿ.

ತಕ್ಕಡಿ, ಕೋಲು, ಬಲ್ಬು

ಇನ್ನು ಜನರೇಟರ್. ಹೊಳೆಯ ಟರ್ಬೈನು ನಿಧಾನ ತಿರುಗುವ ಪ್ರಾಣಿ. ನಿಮಿಷಕ್ಕೆ 60 ಸುತ್ತು, 100 ಸುತ್ತು, ಹೆಚ್ಚೆಂದರೆ 200. ಟ್ರ್ಯಾಕ್ಟರಿನದೋ ಕಾರಿನದೋ ಹಳೇ ಆಲ್ಟರ್ನೇಟರ್ ತಂದು ಕಟ್ಟುತ್ತೇನೆ ಎಂದು ಹೊರಡುವ ಉತ್ಸಾಹಿ ಹುಡುಗರು ಪ್ರತಿ ಊರಲ್ಲೂ ಇರುತ್ತಾರೆ. ಅದಕ್ಕೆ ಸಾವಿರ ಸುತ್ತಿನ ಮೇಲೆ ಬೇಕು, ಆಗಲೂ ದಕ್ಷತೆ 50-60 ಪರ್ಸೆಂಟಿನ ಸುತ್ತಮುತ್ತ. ನಡುವೆ ಗೇರ್ ಅಥವಾ ಬೆಲ್ಟ್ ಹಾಕಿದರೆ ಅಲ್ಲೊಂದಿಷ್ಟು ನಷ್ಟ. ಆದ್ದರಿಂದಲೇ ಈ ಕೆಲಸಕ್ಕೆ ಕಾಯಂ ಅಯಸ್ಕಾಂತದ, ಹೆಚ್ಚು ಧ್ರುವಗಳಿರುವ, ನಿಧಾನ ಸುತ್ತಿಗೂ ವೋಲ್ಟೇಜ್ ಕೊಡುವ ಜನರೇಟರ್ ಮಾಡುತ್ತಾರೆ. ಸ್ಕಾಟ್ಲೆಂಡಿನ ಹ್ಯೂ ಪಿಗಟ್ ಎಂಬವರು ಸಣ್ಣ ಗಾಳಿಯಂತ್ರಕ್ಕಾಗಿ ಮನೆಯಲ್ಲೇ ಕಟ್ಟಬಹುದಾದ ತಟ್ಟೆ ಆಕಾರದ ಜನರೇಟರನ್ನು ಜನಪ್ರಿಯ ಮಾಡಿದರು. ಜಗತ್ತಿನ ಎಷ್ಟೋ ಕಡೆ ಅದನ್ನು ನೋಡಿ ಕಟ್ಟಿಕೊಂಡವರಿದ್ದಾರೆ.

ಜನರೇಟರಿನ ದಕ್ಷತೆ ಎಂದರೆ ಏನು? ಒಳಗೆ ಹಾಕಿದ ತಿರುಗುವ ಶಕ್ತಿಯಲ್ಲಿ ಎಷ್ಟು ಪಾಲು ಕರೆಂಟಾಗಿ ಹೊರಬಂತು ಎಂಬುದು. ಹೊರಬಂದದ್ದನ್ನು ಅಳೆಯುವುದು ಸುಲಭ. ವೋಲ್ಟ್ ಮೀಟರು, ಆಂಪ್ ಮೀಟರು ಸಾಕು. ಒಳಗೆ ಹೋದದ್ದನ್ನು ಅಳೆಯುವುದೇ ಕಷ್ಟ, ಅದನ್ನೇ ಹೆಚ್ಚಿನವರು ಅಳೆಯುವುದಿಲ್ಲ. ಬಲ್ಬು ಉರಿಯಿತು, ಫೋಟೊ ತೆಗೆದರು, ಮುಗಿಯಿತು. ಬಲ್ಬು ಉರಿದದ್ದು ದಕ್ಷತೆಯ ಪುರಾವೆ ಅಲ್ಲವೇ ಅಲ್ಲ.

ಆ ಒಳಗಿನ ಲೆಕ್ಕಕ್ಕೆ ಹಳೆಯದೊಂದು ಉಪಾಯ ಇದೆ, ಬೆಲೆಬಾಳುವ ಸಾಧನ ಬೇಕಿಲ್ಲ. ಜನರೇಟರಿನ ಮೈಯನ್ನು ನೆಲಕ್ಕೆ ಬೋಲ್ಟ್ ಹಾಕಿ ಬಿಗಿಯದೆ, ಎರಡು ಕಡೆ ಬೇರಿಂಗಿನ ಮೇಲೆ ತೊಟ್ಟಿಲಿನ ಹಾಗೆ ತೂಗುವಂತೆ ಕೂರಿಸುತ್ತಾರೆ. ಅದರ ಶಾಫ್ಟನ್ನು ಇನ್ನೊಂದು ಮೋಟಾರಿನಿಂದ, ಗೇರ್ ಹಾಕಿ ವೇಗ ಇಳಿಸಿ, ತಿರುಗಿಸುತ್ತಾರೆ. ಜನರೇಟರಿಗೆ ಲೋಡು ಬಿದ್ದ ಕೂಡಲೇ ಅದರ ಮೈಯೂ ಶಾಫ್ಟಿನ ಜೊತೆ ತಿರುಗಿಹೋಗಲು ನೋಡುತ್ತದೆ. ಮೈಗೆ ಒಂದು ಕೋಲು ಬಿಗಿದು, ಕೋಲಿನ ತುದಿಯನ್ನು ಸ್ಪ್ರಿಂಗ್ ತಕ್ಕಡಿಗೆ ಕಟ್ಟಿ ತಡೆಯುತ್ತಾರೆ. ತಕ್ಕಡಿ ತೋರಿಸುವ ತೂಕ, ಕೋಲಿನ ಉದ್ದ, ಸುತ್ತಿನ ಸಂಖ್ಯೆ ಇಷ್ಟು ಗೊತ್ತಾದರೆ ಒಳಗೆ ಹೋದ ಶಕ್ತಿ ಗೊತ್ತಾದಂತೆ. ಲೋಡಿಗೆ ಸಾಲಾಗಿ ಬಲ್ಬುಗಳು ಅಥವಾ ಹೀಟರ್ ಕಾಯಿಲ್‌ಗಳು. ಒಂದೊಂದೇ ಸ್ವಿಚ್ ಹಾಕುತ್ತ ಹೋಗಬೇಕು.

ಲೆಕ್ಕ ತಿಳಿಯಲೆಂದು ಒಂದು ಉದಾಹರಣೆ ಕಟ್ಟುತ್ತೇನೆ. ಕೋಲು ಅರ್ಧ ಮೀಟರ್. ತಕ್ಕಡಿ 6 ಕಿಲೋ ತೋರಿಸುತ್ತಿದೆ. ಶಾಫ್ಟು ನಿಮಿಷಕ್ಕೆ 120 ಸುತ್ತು. 6 ಕಿಲೋ ಎಂದರೆ ಸುಮಾರು 58.9 ನ್ಯೂಟನ್, ಅರ್ಧ ಮೀಟರಿಗೆ ಅದರ ತಿರುಗುಬಲ 29.4. ಸೆಕೆಂಡಿಗೆ 2 ಸುತ್ತು, ಒಂದು ಸುತ್ತಿಗೆ 6.283. ಮೂರನ್ನೂ ಗುಣಿಸಿದರೆ ಸುಮಾರು 370 ವ್ಯಾಟ್. ಇದು ಒಳಗೆ ಹೋದದ್ದು. ಹೊರಗೆ, ಡಯೋಡ್ ದಾಟಿದ ಮೇಲೆ, ಮೀಟರು 48 ವೋಲ್ಟು 5.6 ಆಂಪು ತೋರಿಸಿತು ಎನ್ನಿ. 269 ವ್ಯಾಟ್. ಭಾಗಿಸಿದರೆ 73 ಪರ್ಸೆಂಟ್ ಹತ್ತಿರ. ಇಂಥ ಸಣ್ಣ, ನಿಧಾನ ಯಂತ್ರಕ್ಕೆ ಇದು ಕೆಟ್ಟ ಅಂಕಿಯಲ್ಲ.

ಹೋದ 101 ವ್ಯಾಟ್ ಎಲ್ಲಿ? ಇಲ್ಲಿಂದ ಮುಂದೆ ಪರೀಕ್ಷೆ ಪತ್ತೇದಾರಿ ಕೆಲಸದ ಹಾಗೆ. ಲೋಡು ಪೂರ್ತಿ ತೆಗೆದು, ಅದೇ 120 ಸುತ್ತಿನಲ್ಲಿ ಖಾಲಿ ತಿರುಗಿಸಿ ತಕ್ಕಡಿ ನೋಡಬೇಕು. 700 ಗ್ರಾಂ ತೋರಿಸಿದರೆ ಸುಮಾರು 43 ವ್ಯಾಟ್. ಅದು ಬೇರಿಂಗು, ನೀರು ತಡೆಯುವ ಸೀಲು, ಒಳಗಿನ ಕಬ್ಬಿಣ ಇವುಗಳ ಪಾಲು. ಡಯೋಡುಗಳಲ್ಲಿ 1.4 ವೋಲ್ಟ್ ಬೀಳುತ್ತದೆ, 5.6 ಆಂಪಿಗೆ ಸುಮಾರು 8 ವ್ಯಾಟ್. ಮಿಕ್ಕ 50 ವ್ಯಾಟ್ ತಾಮ್ರದ ತಂತಿಯ ಬಿಸಿ. ತಂತಿಯ ಓಮು ಬೇರೆಯಾಗಿ ಅಳೆದು ತಾಳೆ ನೋಡಿದರೆ ಲೆಕ್ಕ ಸರಿಯಿದೆಯೇ ಎಂದು ಗೊತ್ತಾಗುತ್ತದೆ. ತಾಳೆಯಾಗದಿದ್ದರೆ ಎಲ್ಲೋ ಏನೋ ಉಜ್ಜುತ್ತಿದೆ, ಇಲ್ಲವೇ ಮೀಟರು ತಪ್ಪು ಓದುತ್ತಿದೆ ಎಂದರ್ಥ. ಅಗ್ಗದ ಕ್ಲಾಂಪ್ ಮೀಟರುಗಳು ಡಯೋಡಿನ ಹಿಂದಿನ ಮೊನಚು ಅಲೆಯ ಕರೆಂಟನ್ನು ಸರಿಯಾಗಿ ಓದುವುದಿಲ್ಲ. ಡಯೋಡ್ ದಾಟಿದ ಮೇಲೆ ಅಳೆಯುವುದು ಅದಕ್ಕೇ.

12 ವೋಲ್ಟಿನ ಬ್ಯಾಟರಿಗೆ ಹಾಕುವ ಯಂತ್ರದಲ್ಲಿ ಇದೇ 1.4 ವೋಲ್ಟ್ ಹತ್ತು ಪರ್ಸೆಂಟಿಗಿಂತ ಹೆಚ್ಚು ತಿಂದುಬಿಡುತ್ತದೆ. 48 ವೋಲ್ಟಿನಲ್ಲಿ ಮೂರು ಪರ್ಸೆಂಟೇ. ಹೊಳೆಯಿಂದ ಮನೆಗೆ ತಂತಿ ಎಳೆಯುವಾಗಲೂ ಹೀಗೇ, ವೋಲ್ಟೇಜ್ ಕಡಿಮೆಯಾದಷ್ಟೂ ದಾರಿಯಲ್ಲಿ ನಷ್ಟ ಹೆಚ್ಚು.

ನಿಧಾನ ನೀರಿನ ಪೆಟ್ಟು

ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಇದು, ಸ್ವಲ್ಪ ನಿಧಾನವಾಗಿ ಓದಿ. ಮೇಲಿನ ಯಂತ್ರವೇ ಇರಲಿ. ಹೊಳೆಯ ವೇಗ ಅರ್ಧಕ್ಕಿಳಿಯಿತು. ಸುತ್ತು 120ರಿಂದ 60ಕ್ಕೆ ಬಂತು. ಟರ್ಬೈನು ಕೊಡುವ ಶಕ್ತಿ ಎಂಟನೇ ಒಂದು ಪಾಲಾಯಿತು, ಅಂದರೆ 370 ಇದ್ದದ್ದು 46 ವ್ಯಾಟ್. ಆದರೆ ಸೀಲು, ಬೇರಿಂಗುಗಳ ಎಳೆತ ಎಂಟನೇ ಒಂದಕ್ಕೆ ಇಳಿಯುವುದಿಲ್ಲ. ಅದು ಹೆಚ್ಚುಕಡಿಮೆ ಅಷ್ಟೇ ಬಲದಿಂದ ಹಿಡಿದುಕೊಂಡಿರುತ್ತದೆ. ಸುತ್ತು ಅರ್ಧವಾದ್ದರಿಂದ ನಷ್ಟವೂ ಬರೀ ಅರ್ಧವಾಗುತ್ತದೆ, 43 ಇದ್ದದ್ದು 21 ಅಥವಾ 22. ಬಂದ 46ರಲ್ಲಿ 22 ಅಲ್ಲೇ ಹೋಯಿತು! ಇನ್ನು ತಾಮ್ರ, ಡಯೋಡ್ ಬೇರೆ. 73 ಪರ್ಸೆಂಟಿನ ಜನರೇಟರ್ ಅರ್ಧಕ್ಕಿಂತ ಕೆಳಗೆ ಕುಸಿಯಿತು. ಅದರ ಮೇಲೆ, ವೋಲ್ಟೇಜೂ ಸುತ್ತಿನ ಜೊತೆ ಅರ್ಧವಾಗುವುದರಿಂದ, ನೇರವಾಗಿ 48 ವೋಲ್ಟಿನ ಬ್ಯಾಟರಿಗೆ ಕಟ್ಟಿದ್ದರೆ ಒಂದು ಆಂಪೂ ಹೋಗುವುದಿಲ್ಲ. ಯಂತ್ರ ತಿರುಗುತ್ತಿರುತ್ತದೆ, ದಂಡೆಯಲ್ಲಿ ನಿಂತವರು ಖುಷಿ ಪಡುತ್ತಿರುತ್ತಾರೆ, ಬ್ಯಾಟರಿಗೆ ಏನೂ ಬರುತ್ತಿರುವುದಿಲ್ಲ. ವೋಲ್ಟೇಜ್ ಏರಿಸುವ ಕಂಟ್ರೋಲರ್ ಬೇಕಾಗುತ್ತದೆ.

ಹಾಗಾಗಿ ದಕ್ಷತೆ ಎನ್ನುವುದು ಒಂದು ಅಂಕಿಯಲ್ಲ. ಅದು ಒಂದು ಪಟ್ಟಿ. 40, 60, 80, 100, 120 ಸುತ್ತುಗಳಲ್ಲಿ, ಪ್ರತಿಯೊಂದರಲ್ಲೂ ಕಾಲು, ಅರ್ಧ, ಮುಕ್ಕಾಲು, ಪೂರ್ತಿ ಲೋಡಿನಲ್ಲಿ ಅಳೆದ ಪಟ್ಟಿ. ‘90 ಪರ್ಸೆಂಟ್’ ಎಂದರೆ ಆ ಪಟ್ಟಿಯ ಎಲ್ಲಕ್ಕಿಂತ ಚೆಂದದ ಮೂಲೆ. ನಿಮ್ಮ ಹೊಳೆ ವರ್ಷದ ಹೆಚ್ಚಿನ ದಿನ ಯಾವ ಮೂಲೆಯಲ್ಲಿ ಇರುತ್ತದೆ ಎಂಬುದು ನಿಮ್ಮ ಪ್ರಶ್ನೆ.

ಇನ್ನೊಂದು, ಕೈಯಿಂದಲೇ ನೋಡಬಹುದಾದ ಪರೀಕ್ಷೆ. ಶಾಫ್ಟನ್ನು ಬೆರಳಲ್ಲಿ ಹಿಡಿದು ನಿಧಾನ ತಿರುಗಿಸಿ. ಕಟ್ ಕಟ್ ಎಂದು ಹಲ್ಲು ಹಿಡಿದ ಹಾಗೆ ತಡೆಯುತ್ತಾ? ಅಯಸ್ಕಾಂತ ಒಳಗಿನ ಕಬ್ಬಿಣದ ಹಲ್ಲುಗಳಿಗೆ ಅಂಟುವ ಗುಣ ಅದು. ಹಾಗೆ ಜೋರಾಗಿ ಅಂಟುವ ಜನರೇಟರು ನಿಧಾನ ನೀರಿನಲ್ಲಿ ಹೊರಡುವುದೇ ಇಲ್ಲ. ಪಿಗಟ್ ಮಾದರಿಯಲ್ಲಿ ತಂತಿಯ ಸುರುಳಿಯೊಳಗೆ ಕಬ್ಬಿಣವೇ ಇಲ್ಲದ್ದರಿಂದ ಈ ತೊಂದರೆ ಇಲ್ಲ. ಅದಕ್ಕೆ ಬದಲಾಗಿ ಅಯಸ್ಕಾಂತ ಹೆಚ್ಚು ಬೇಕು, ಖರ್ಚು ಹೆಚ್ಚು.

ಒಣಗಿದ ಮೇಜು, ಒದ್ದೆ ಹೊಳೆ

ಮೇಜಿನ ಮೇಲೆ ಗಾಳಿಯಲ್ಲಿ ಮಾಡಿದ ಪರೀಕ್ಷೆ ನೀರಿನಲ್ಲಿ ಹಾಗೇ ಬರುವುದಿಲ್ಲ. ಕೆಲವು ವಿಷಯದಲ್ಲಿ ನೀರು ಉಪಕಾರಿ. ತಾಮ್ರ ಬಿಸಿಯಾದಂತೆ ಅದರ ಓಮು ಏರುತ್ತದೆ, 25 ಡಿಗ್ರಿಯಿಂದ 75 ಡಿಗ್ರಿಗೆ ಹೋದರೆ ಸುಮಾರು ಐದನೇ ಒಂದು ಪಾಲು ಹೆಚ್ಚು. ಅಷ್ಟೇ ಕರೆಂಟಿಗೆ ನಷ್ಟವೂ ಅಷ್ಟು ಹೆಚ್ಚು. ಮೇಜಿನ ಮೇಲೆ ಯಂತ್ರ ಕಾದು ಕೂರುತ್ತದೆ, ಹೊಳೆಯಲ್ಲಿ ನೀರು ಸುತ್ತಲಿಂದ ತಂಪು ಮಾಡುತ್ತದೆ. ಆದ್ದರಿಂದ ತಣ್ಣಗಿರುವಾಗ ಐದು ನಿಮಿಷ ಓಡಿಸಿ ಬರೆದುಕೊಂಡ ಅಂಕಿಯನ್ನು ನಂಬಬಾರದು. ಬಿಸಿ ಒಂದೇ ಮಟ್ಟಕ್ಕೆ ಬಂದು ನಿಲ್ಲುವ ತನಕ ಓಡಿಸಬೇಕು, ಆಮೇಲೆ ಬರೆದುಕೊಳ್ಳಬೇಕು.

ಕೆಲವು ವಿಷಯದಲ್ಲಿ ನೀರು ಶತ್ರು. ಸೀಲು ಬಿಗಿ ಮಾಡಿದರೆ ಎಳೆತ ಹೆಚ್ಚು, ಸಡಿಲ ಬಿಟ್ಟರೆ ನೀರು ಒಳಗೆ. ನಮ್ಮ ಸಬ್‌ಮರ್ಸಿಬಲ್ಲುಗಳಲ್ಲಿ ಬಹಳಷ್ಟು ನೀರು ತುಂಬಿದ ಮಾದರಿ. ಒಳಗೆ ನೀರು ಇದ್ದೇ ಇರುತ್ತದೆ, ತಂತಿಗೇ ಪ್ಲಾಸ್ಟಿಕ್ ಹೊದಿಕೆ. ಆ ಪದ್ಧತಿ ಹೊಳೆಯ ಜನರೇಟರಿಗೂ ಬರುತ್ತದೆ, ಆದರೆ ಒಳಗಿನ ನೀರನ್ನು ಕಲಕುವುದಕ್ಕೇ ಸ್ವಲ್ಪ ಶಕ್ತಿ ಹೋಗುತ್ತದೆ. ಪರೀಕ್ಷೆಯ ಕ್ರಮ ಹೀಗೆ: ಮೊದಲು ಒಣಗಿರುವಾಗ ಮೆಗ್ಗರ್ ಹಾಕಿ ವೈಂಡಿಂಗಿನ ಇನ್ಸುಲೇಶನ್ ಬರೆದುಕೊಳ್ಳುವುದು. ಸಿಮೆಂಟ್ ತೊಟ್ಟಿಯಲ್ಲಿ ಮುಳುಗಿಸಿ ಗಂಟೆಗಟ್ಟಲೆ, ಸಾಧ್ಯವಾದರೆ ದಿನಗಟ್ಟಲೆ ಓಡಿಸುವುದು. ತೆಗೆದು ಮತ್ತೆ ಮೆಗ್ಗರ್ ಹಾಕುವುದು. ಅಂಕಿ ಬಿದ್ದಿದ್ದರೆ ಯಂತ್ರ ವಾಪಸ್ ಬೆಂಚಿಗೆ. ನಮ್ಮ ಕಡೆಯ ವೈಂಡಿಂಗ್ ಮೇಸ್ತ್ರಿಗಳು ಮೋಟಾರು ಕಟ್ಟಿದ ಮೇಲೆ ಮಾಡುವುದೂ ಇದನ್ನೇ. ‘ಮೆಗ್ಗರ್ ಹೇಳಿದ್ಮ್ಯಾಲ ಮುಗೀತಣ್ಣ, ನಾ ಏನು ಹೇಳೋದೈತಿ’ ಎನ್ನುತ್ತಾರೆ.

ದೊಡ್ಡ ಮಟ್ಟದಲ್ಲಿ ಇದಕ್ಕೆಲ್ಲ ನಿಯಮಗಳಿವೆ. ಜನರೇಟರಿನ ನಷ್ಟ, ದಕ್ಷತೆ ಅಳೆಯಲು ಐಇಸಿ 60034ರ ಭಾಗ 2-1. ಸಣ್ಣ ಜಲವಿದ್ಯುತ್ ಯಂತ್ರಗಳನ್ನು ಸ್ಥಳದಲ್ಲೇ ಪರೀಕ್ಷಿಸಲು ಐಇಸಿ 62006. ಹೊಳೆಯ ಹರಿವಿನ ಟರ್ಬೈನಿಗಾಗಿಯೇ 2019ರಲ್ಲಿ ಬಂದದ್ದು ಐಇಸಿ 62600ರ ಭಾಗ 300. ನಮ್ಮ ಬೋರಿನ ಪಂಪ್‌ಸೆಟ್ಟಿಗೆ ಐಎಸ್ 8034, ಅದರ ಮೋಟಾರಿಗೆ ಐಎಸ್ 9283 ಇರುವ ಹಾಗೆ. ವಿದ್ಯುತ್ ಉಪಕರಣಗಳ ಪರೀಕ್ಷೆಗೆ ಬೆಂಗಳೂರಿನಲ್ಲಿ 1960ರಲ್ಲಿ ಶುರುವಾದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ ಇದೆ. ಸಣ್ಣ ಜಲವಿದ್ಯುತ್ತಿಗೆಂದೇ ರೂರ್ಕಿಯ ಐಐಟಿಯಲ್ಲಿ 1982ರಿಂದ ಒಂದು ಕೇಂದ್ರ ಕೆಲಸ ಮಾಡುತ್ತಿದೆ. ಮಾರುವವರನ್ನು ‘ಪರೀಕ್ಷೆ ವರದಿ ಎಲ್ಲಿ ಮಾಡಿಸಿದ್ದು?’ ಎಂದು ಕೇಳುವುದು ನಿಮ್ಮ ಹಕ್ಕು. ‘ನಮ್ಮ ಫ್ಯಾಕ್ಟರಿಯಲ್ಲೇ’ ಎಂದರೆ, ‘ಯಾವ ಯಾವ ಸುತ್ತಿಗೆ, ಪಟ್ಟಿ ಕೊಡಿ’ ಎನ್ನಿ. ಪಟ್ಟಿ ಇಲ್ಲದವರ ಹತ್ತಿರ ಬೇರೇನೂ ಕೇಳಬೇಕಾಗಿಲ್ಲ.

ಹೊರದೇಶದವರು ಏನು ಕಂಡರು

ಇದು ಹೊಸ ಕನಸೇನಲ್ಲ. ಇ. ಎಫ್. ಶೂಮಾಕರ್ ಕಟ್ಟಿದ ಬ್ರಿಟನ್ನಿನ ಒಂದು ಸಂಸ್ಥೆಯ ಪರವಾಗಿ ಪೀಟರ್ ಗಾರ್ಮನ್ ಎಂಬ ಇಂಜಿನಿಯರ್ 1970ರ ದಶಕದ ಕೊನೆಯ ಹೊತ್ತಿಗೆ ಸುಡಾನಿನ ಜೂಬಾದಲ್ಲಿ, ಬಿಳಿ ನೈಲ್ ನದಿಯಲ್ಲಿ ತೇಲುವ ಟರ್ಬೈನ್ ಕಟ್ಟಿದರು. ಅದು ಕರೆಂಟಿಗಲ್ಲ, ದಂಡೆಯ ಹೊಲಕ್ಕೆ ನೀರೆತ್ತಲು. ಟರ್ಬೈನಿನಿಂದ ನೇರ ಪಂಪಿಗೆ. ನಡುವಿನ ಜನರೇಟರಿನ ನಷ್ಟವೇ ಇಲ್ಲ! ಕಂಪ್ಲಿಯ ರೈತರಿಗೆ ಇದು ಹೆಚ್ಚು ಹೊಂದುವ ವಿಚಾರ ಎಂದು ನನ್ನ ಅನಿಸಿಕೆ.

ನ್ಯೂಯಾರ್ಕಿನ ಈಸ್ಟ್ ರಿವರಿನಲ್ಲಿ 2006-07ರಲ್ಲಿ ಇಳಿಸಿದ ಟರ್ಬೈನುಗಳ ರೆಕ್ಕೆಗಳು ನೀರಿನ ಬಲ ತಡೆಯದೆ ಮುರಿದವು. ಮತ್ತೆ ಗಟ್ಟಿಯಾಗಿ ಮಾಡಿ ಇಳಿಸಬೇಕಾಯಿತು. ಅಲಾಸ್ಕಾದ ಇಗಿಯುಗಿಗ್ ಎಂಬ, ನೂರು ಜನರೂ ಇಲ್ಲದ ಹಳ್ಳಿಯಲ್ಲಿ 2014, 2015ರ ಬೇಸಿಗೆಗಳಲ್ಲಿ ಕ್ವಿಚಾಕ್ ನದಿಯೊಳಗೆ ಯಂತ್ರ ಇಟ್ಟು ಪರೀಕ್ಷೆ ಮಾಡಿದರು, 2019ರಲ್ಲಿ ಮತ್ತೊಂದನ್ನು ಇಳಿಸಿದರು. ಅಲ್ಲಿ ಡೀಸೆಲ್ ಅನ್ನು ದೂರದಿಂದ ತರಿಸಬೇಕು, ಕರೆಂಟು ಚಿನ್ನದ ಬೆಲೆ. ಹಾಗಾಗಿ ಹೊಳೆಯ ಪ್ರತಿ ಯೂನಿಟ್ಟಿಗೂ ಅರ್ಥವಿತ್ತು. ಆ ನದಿ ಸಾಲ್ಮನ್ ಮೀನಿನ ದಾರಿಯಾದ್ದರಿಂದ ನೀರಿನೊಳಗೆ ಕ್ಯಾಮೆರಾ ಇಟ್ಟು ಮೀನುಗಳಿಗೆ ಪೆಟ್ಟಾಗುತ್ತದೋ ಎಂದು ಕಾದು ನೋಡಿದರು.

ನಮ್ಮ ಹೊಳೆಗೆ ತಂದರೆ

ಸೆಕೆಂಡಿಗೆ 1.2 ಮೀಟರ್ ಹರಿವು, ಒಂದು ಚದರ ಮೀಟರ್ ಟರ್ಬೈನು. ನೀರಿನಲ್ಲಿ ಇರುವುದು 864 ವ್ಯಾಟ್. ರೆಕ್ಕೆ 30 ಪರ್ಸೆಂಟ್ ಹಿಡಿದರೆ 259. ಹೊರಗಿನ ಸೀಲು, ಬೇರಿಂಗಿಗೆ ಹತ್ತನೇ ಒಂದು ಪಾಲು ಹೋದರೆ 233. ಜನರೇಟರು 75 ಪರ್ಸೆಂಟ್ ಆದರೆ 175. ಕೇಬಲ್, ಡಯೋಡ್ ಕಳೆದು ಮನೆಗೆ ಮುಟ್ಟುವುದು 160 ವ್ಯಾಟ್. ಕಡಿಮೆ ಅನ್ನಿಸಿತೇ? ಆದರೆ ಇದು 24 ಗಂಟೆ ಬರುತ್ತದೆ. ದಿನಕ್ಕೆ 3.8 ಯೂನಿಟ್. ನಮ್ಮ ಬಿಸಿಲಿನಲ್ಲಿ ಒಂದು ಕಿಲೋವ್ಯಾಟಿನ ಸೋಲಾರ್ ಪ್ಯಾನೆಲ್ ಕೊಡುವುದೂ ದಿನಕ್ಕೆ ನಾಲ್ಕರ ಆಸುಪಾಸು. ಪ್ಯಾನೆಲ್ಲಿಗೆ ಸೀಲಿಲ್ಲ, ಬೇರಿಂಗಿಲ್ಲ, ವಾರಕ್ಕೊಮ್ಮೆ ಒರೆಸಿದರೆ ಆಯಿತು. ಗೃಹಜ್ಯೋತಿಯಲ್ಲಿ ಮನೆಗೆ 200 ಯೂನಿಟ್ ವರೆಗೆ, ಹೊಲದ 10 ಎಚ್‌ಪಿ ತನಕದ ಪಂಪ್‌ಸೆಟ್ಟಿಗೆ ಕರೆಂಟು ಉಚಿತ ಇರುವ ನಾಡಿನಲ್ಲಿ, ಲೈನು ಇರುವ ಮನೆಯವರು ಸಾಲ ಮಾಡಿ ಹೊಳೆಗೆ ಯಂತ್ರ ಇಳಿಸುವುದು ನನಗೆ ಸರಿ ಕಾಣುವುದಿಲ್ಲ. ಲೈನೇ ಬಾರದ ಕಡೆ, ವರ್ಷಪೂರ್ತಿ ಓಡುವ ನೀರು ಇರುವ ಕಡೆ ಲೆಕ್ಕ ಬೇರೆ.

ವರ್ಷಪೂರ್ತಿ ಎಂಬ ಮಾತಿನಲ್ಲೇ ನಮ್ಮ ತುಂಗಭದ್ರೆಯ ತೊಡಕಿದೆ. ಅಣೆಕಟ್ಟೆಯ ಕೆಳಗಿನ ಹೊಳೆ ಬೇಸಿಗೆಯಲ್ಲಿ ಬಂಡೆಗಳ ನಡುವೆ ಸಣ್ಣಗೆ ಹರಿಯುತ್ತದೆ. ಮಳೆಗಾಲದಲ್ಲಿ ಗೇಟು ತೆಗೆದರೆ ಹಂಪಿಯ ಪುರಂದರ ಮಂಟಪ ಮುಳುಗುತ್ತದೆ, ಕಂಪ್ಲಿ ಸೇತುವೆ ಮೇಲೆ ಓಡಾಟ ನಿಲ್ಲುತ್ತದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋದದ್ದು ನೆನಪಿರಬೇಕು. ಅಂಥ ನೀರಿನಲ್ಲಿ ಮರದ ದಿಮ್ಮಿ ತೇಲಿ ಬಂದರೆ ದಂಡೆಗೆ ಕಟ್ಟಿದ ಟರ್ಬೈನು ಉಳಿಯುತ್ತದೆಯೇ? ಕಾಲುವೆಯಲ್ಲಿ ಹರಿವು ಸಮನಾಗಿರುತ್ತದೆ, ಪರೀಕ್ಷೆಗೆ ಅದೇ ಒಳ್ಳೆಯ ಜಾಗ. ಆದರೆ ಕಾಲುವೆಗೆ ನೀರು ಬಿಡುವುದು ವರ್ಷದ ಕೆಲವು ತಿಂಗಳು. ಅದರೊಳಗೆ ಅಡ್ಡ ಇಟ್ಟ ಯಾವ ವಸ್ತುವೂ ಹರಿವನ್ನು ಸ್ವಲ್ಪವಾದರೂ ತಡೆದು ಹಿಂದೆ ನೀರು ಏರಿಸುತ್ತದೆ. ಕಾಲುವೆಯ ಬಾಲದ ರೈತರು ಮೊದಲೇ ನೀರು ಮುಟ್ಟಲಿಲ್ಲ ಎನ್ನುತ್ತಿರುವಾಗ, ನೀರಾವರಿಯವರ ಅನುಮತಿ ಇಲ್ಲದೆ ಏನನ್ನೂ ಇಳಿಸುವಂತಿಲ್ಲ.

ಇನ್ನೊಂದು ಸಂಗತಿ ಹಲವರಿಗೆ ಗೊತ್ತಿಲ್ಲ. ಅಣೆಕಟ್ಟೆಯಿಂದ ಕಂಪ್ಲಿಯವರೆಗಿನ ಹೊಳೆಯ ಸುಮಾರು 34 ಕಿಲೋಮೀಟರ್ 2015ರಿಂದ ನೀರುನಾಯಿ ಸಂರಕ್ಷಣಾ ಪ್ರದೇಶ. ಬಂಡೆಗಳ ಸಂದಿಯಲ್ಲಿ ಮರಿ ಮಾಡುವ, ರಭಸದ ನೀರಿನಲ್ಲೇ ಮೀನು ಹಿಡಿಯುವ ಪ್ರಾಣಿ ಅದು. ಟರ್ಬೈನಿಗೆ ಬೇಕಾದ ರಭಸ ಇರುವ ಜಾಗ, ನೀರುನಾಯಿಗೆ ಬೇಕಾದ ಜಾಗ ಎರಡೂ ಒಂದೇ. ಹಂಪಿಯ ಸುತ್ತ ವಿಶ್ವ ಪರಂಪರೆಯ ತಾಣದ ಕಟ್ಟುಪಾಡುಗಳೂ ಇವೆ. ಅರಣ್ಯ ಇಲಾಖೆಯನ್ನು ಕೇಳದೆ ಅಲ್ಲಿ ಹಗ್ಗ ಕಟ್ಟಲು ಹೋಗಬೇಡಿ.

ಇಂಜಿನಿಯರಿಂಗ್ ಕಾಲೇಜು, ಡಿಪ್ಲೊಮಾ ಓದುವ ಮಕ್ಕಳು ಮನೆಯಲ್ಲಿದ್ದರೆ ಒಂದು ಸಲಹೆ. ಪ್ರಾಜೆಕ್ಟಿಗೆಂದು ಪೂರ್ತಿ ಟರ್ಬೈನ್ ಕಟ್ಟಿ ಹೊಳೆಗೆ ಹೊರಡುವ ಬದಲು, ಒಂದು ಹಳೇ ಸಬ್‌ಮರ್ಸಿಬಲ್ಲನ್ನೋ, ಕೆಟ್ಟ ಬಿಎಲ್‌ಡಿಸಿ ಸೀಲಿಂಗ್ ಫ್ಯಾನಿನ ಮೋಟಾರನ್ನೋ ತೊಟ್ಟಿಲಿನ ಮೇಲೆ ಕೂರಿಸಿ, ಕೋಲು-ತಕ್ಕಡಿ ಕಟ್ಟಿ, 40 ಸುತ್ತಿನಿಂದ ಶುರು ಮಾಡಿ ಪಟ್ಟಿ ತಯಾರಿಸಲಿ. ಫ್ಯಾನಿನಲ್ಲಿ ಅಯಸ್ಕಾಂತ ಇರುವುದರಿಂದ ಹಾಗೇ ವೋಲ್ಟೇಜ್ ಕೊಡುತ್ತದೆ. ಸಬ್‌ಮರ್ಸಿಬಲ್ಲಿಗೆ ಕೆಪಾಸಿಟರ್ ಕಟ್ಟಬೇಕು, ಅದು ಅದರ ಪೂರ್ತಿ ವೇಗದ ಹತ್ತಿರ ಮಾತ್ರ ಕೊಡುತ್ತದೆ, 60 ಸುತ್ತಿನಲ್ಲಿ ಏನೂ ಕೊಡುವುದಿಲ್ಲ. ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟರೆ ಹೊಳೆಗೆ ಯಾಕೆ ಬೇರೆ ಜನರೇಟರೇ ಬೇಕು ಎಂಬುದು ಕಣ್ಣಿಗೆ ಕಾಣುತ್ತದೆ. ವೈಂಡಿಂಗ್ ಅಂಗಡಿಯಲ್ಲಿ ಮೆಗ್ಗರ್ ಇರುತ್ತದೆ, ಮೇಸ್ತ್ರಿಯನ್ನು ಕೇಳಿದರೆ ಒಂದು ಮಧ್ಯಾಹ್ನಕ್ಕೆ ಕೊಟ್ಟಾರು. ಬೋರು ಸುಡುವ ಮಾರ್ಚ್-ಏಪ್ರಿಲ್‌ನಲ್ಲಿ ಮಾತ್ರ ಕೇಳಬೇಡಿ.